ಜೆ.ಸಿ. ರಸ್ತೆಯಲ್ಲಿ ಪದ್ಮಿನಿಗೆ ಸಾಮಾನು: ರಬ್ಬರ್ ಹೊಸದಿರಲಿ, ಲೋಹ ಹಳೆಯದಿರಲಿ

ಬೆಂಗಳೂರಿನ ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ಹೋಗುವ ಜೆ.ಸಿ. ರಸ್ತೆಯಲ್ಲಿ ಹಳೇ ಪ್ರೀಮಿಯರ್ ಪದ್ಮಿನಿ ಕಾರನ್ನು ಓಡುವ ಸ್ಥಿತಿಗೆ ತರಲು ಬೇಕಾದ ಬಹುತೇಕ ಸಾಮಾನು ಇವತ್ತಿಗೂ ಸಿಗುತ್ತದೆ. ಆದರೆ ಸಿಕ್ಕಿದ್ದೆಲ್ಲ ಕೊಳ್ಳುವಂಥದ್ದಲ್ಲ. ಮನೆಯ ಶೆಡ್ಡಿನಲ್ಲಿ ಗೆಳೆಯರು ಸೇರಿ ಕಾರು ಬಿಚ್ಚಿ ಹರಡಿಕೊಂಡವರಿಗೆ ಈ ರಸ್ತೆ ಎಲ್ಲಿ ಆಗಿಬರುತ್ತದೆ, ಎಲ್ಲಿ ಕೈಕೊಡುತ್ತದೆ ಎನ್ನುವುದಷ್ಟೇ ಇಲ್ಲಿನ ಲೆಕ್ಕ. ಅಂಗಡಿಗಳ ಹೆಸರು ಬೇಕೆಂದೇ ಹಾಕಿಲ್ಲ. ಒಂದೇ ಅಂಗಡಿಯ ಒಂದು ಕಪಾಟಿನಲ್ಲಿ ಅಪ್ಪಟ ಹಳೇ ಬೇರಿಂಗ್, ಪಕ್ಕದ ಕಪಾಟಿನಲ್ಲಿ ಮೂರು ತಿಂಗಳೂ ಬಾಳದ ಪಾಯಿಂಟ್ ಸೆಟ್ (ಪ್ಲಗ್ಗಿಗೆ ಕಿಡಿ ಕೊಡಲು ಕರೆಂಟನ್ನು ಕಡಿದು ಕೂಡಿಸುವ ಸ್ವಿಚ್ಚು) ಇರುವ ಜಾಗ ಇದು. ತೂಗಿ ನೋಡಬೇಕಾದದ್ದು ಮಾಲನ್ನು, ಬೋರ್ಡನ್ನಲ್ಲ.

ಮುಂಬಯಿಯ ಕುರ್ಲಾದಲ್ಲಿ 1964ರಿಂದ ಫಿಯೆಟ್ 1100 ಡಿಲೈಟ್ ಆಗಿ ತಯಾರಾದ ಈ ಕಾರಿಗೆ ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. 2000ದ ಹೊತ್ತಿಗೆ ತಯಾರಿಕೆ ನಿಂತರೂ ಸಾಮಾನು ನಿಲ್ಲಲಿಲ್ಲ, ಕಾರಣ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳು. ಅವುಗಳ ಹೊಟ್ಟೆ ತುಂಬಿಸಲು ಸಣ್ಣ ಕಾರ್ಖಾನೆಗಳು ಕಿಟ್, ಗ್ಯಾಸ್ಕೆಟ್, ಬುಷ್ ಮಾಡುತ್ತಲೇ ಇದ್ದವು. 2023ರ ಅಕ್ಟೋಬರ್ ಕೊನೆಗೆ ಆ ಟ್ಯಾಕ್ಸಿಗಳ ಕಾಲವೂ ಮುಗಿಯಿತು. ಈಗ ಗಲ್ಲಾದ ಮೇಲೆ ಬರುವುದು ಮೂರು ಬಗೆ: ಕಂಪನಿ ಕಾಲದ ಓಲ್ಡ್ ಸ್ಟಾಕ್, ಈಚಿನ ಲೋಕಲ್ ತಯಾರಿಕೆ, ಗುಜರಿಯಿಂದ ಬಿಚ್ಚಿ ತಂದದ್ದು. ಹಳೇ ಕಾರಿನವರಿಗೆ ಓಲ್ಡ್ ಸ್ಟಾಕ್ ಎಂದರೆ ಬಾಯಲ್ಲಿ ನೀರೂರುತ್ತದೆ, ಅಂಗಡಿಯವರಿಗೂ ಅದು ಗೊತ್ತು. ಲೋಹದ ಮಟ್ಟಿಗೆ ಆ ಆಸೆ ಸರಿ. ರಬ್ಬರ್‌ಗೆ ಅದೇ ಆಸೆ ಅಪಾಯ.

ಮೊದಲು ಬ್ರೇಕು. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಕಿಟ್ ಒಂದು, ಪ್ರತಿ ಚಕ್ರದಲ್ಲಿ ಶೂಗಳನ್ನು ಒತ್ತುವ ವೀಲ್ ಸಿಲಿಂಡರ್ ಕಿಟ್‌ಗಳು, ಹೋಸು ಮೂರು (ಮುಂದೆ ಎರಡು, ಹಿಂದಿನ ಆಕ್ಸಲ್‌ಗೆ ಒಂದು): ಇಷ್ಟನ್ನೂ ಒಂದೇ ಸಲ ತರಬೇಕು. ಇಪ್ಪತ್ತೈದು ವರ್ಷ ಡಬ್ಬಿಯಲ್ಲೇ ಇದ್ದ ಕಪ್ಪು (ಕಿಟ್‌ನೊಳಗಿನ ಬಟ್ಟಲಿನಾಕಾರದ ರಬ್ಬರ್ ಸೀಲು) ನೋಡಲು ಹೊಸದರಂತೆಯೇ ಇರುತ್ತದೆ. ಅಂಚನ್ನು ಉಗುರಿನಿಂದ ಮಡಚಿ ಬಿಡಿ. ತಕ್ಷಣ ಮೊದಲಿನ ಆಕಾರಕ್ಕೆ ಬರದಿದ್ದರೆ, ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಅಲ್ಲೇ ವಾಪಸ್ ಕೊಡಿ. ಪೊಟ್ಟಣದ ಮೇಲೆ ತಯಾರಾದ ತಿಂಗಳು, ವರ್ಷ ಇಲ್ಲದ ಕಿಟ್ ಬೇಡವೇ ಬೇಡ. ಬೋರಿನ (ಸಿಲಿಂಡರಿನ ಒಳವ್ಯಾಸದ) ಅಳತೆ ಸಾಮಾನ್ಯವಾಗಿ ಕಪ್ಪಿನ ಮೇಲೆಯೇ ಒತ್ತಿರುತ್ತದೆ. ‘ಎಲ್ಲಾ ಪದ್ಮಿನಿಗೂ ಒಂದೇ ಸರ್’ ಎಂಬ ಮಾತು ನಂಬದೆ, ಬಿಚ್ಚಿದ ಹಳೇ ಕಪ್ಪನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ.

ಇಲ್ಲಿ ಸಿಗುವ ಹೊಸ ಕಿಟ್‌ಗಳ ಗುಣಮಟ್ಟ ಒಟ್ಟಾರೆ ತೃಪ್ತಿಕರ. ಕೆಡುವುದು ಜೋಡಿಸುವಾಗ. ಸಿಲಿಂಡರನ್ನು ಪೆಟ್ರೋಲಿನಲ್ಲೋ ಡೀಸೆಲಿನಲ್ಲೋ ತೊಳೆದು ಕಪ್ಪು ಹಾಕಿದರೆ ರಬ್ಬರ್ ಊದಿಕೊಂಡು ಮಾಸ್ಟರ್ ಸಿಲಿಂಡರಿನೊಳಗಿನ ಸಣ್ಣ ವಾಪಸಾತಿ ರಂಧ್ರವನ್ನು ಮುಚ್ಚುತ್ತದೆ. ಹತ್ತು ಕಿಲೋಮೀಟರ್ ಓಡುವಷ್ಟರಲ್ಲಿ ಬ್ರೇಕು ತಾನಾಗಿ ಹಿಡಿದು ಡ್ರಮ್ಮು ಕಾಯುತ್ತದೆ. ತೊಳೆಯುವುದಕ್ಕೂ ಹಚ್ಚುವುದಕ್ಕೂ ಬ್ರೇಕ್ ಆಯಿಲ್ ಮಾತ್ರ. ಪೆಡಲಿಗೆ ಫ್ರೀ ಪ್ಲೇ (ಒತ್ತುವ ಮೊದಲಿನ ಸ್ವಲ್ಪ ಸಡಿಲು) ಬಿಡದಿದ್ದರೂ ಲಕ್ಷಣ ಇದೇ. ಮಾಸ್ಟರಿನ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಒಬ್ಬರು ಪೆಡಲನ್ನು ಮೆಲ್ಲಗೆ ಒತ್ತಲಿ. ಒತ್ತಿದ ಮೊದಲ ಕ್ಷಣದಲ್ಲಿ ಆಯಿಲ್ ಸಣ್ಣಗೆ ಚಿಮ್ಮಿದರೆ ರಂಧ್ರ ತೆರೆದಿದೆ. ಒಂದೇ ಚಕ್ರ ಹಿಡಿಯುತ್ತಿದ್ದರೆ ಹಳೇ ಹೋಸು ಒಳಗೊಳಗೇ ಊದಿ, ಆಯಿಲನ್ನು ಹೋಗಲು ಬಿಟ್ಟು ವಾಪಸ್ ಬರಲು ಬಿಡುತ್ತಿಲ್ಲ. ಹೊರಗೆ ನೋಡಿದರೆ ಏನೂ ಕಾಣದು, ಹಾಗಾಗಿ ಹೋಸುಗಳನ್ನು ಉಳಿಸಿಕೊಳ್ಳುವ ಆಲೋಚನೆಯೇ ತಪ್ಪು.

ಬ್ಲೀಡ್ ಮಾಡುವ (ಆಯಿಲಿನ ದಾರಿಯಿಂದ ಗಾಳಿ ತೆಗೆಯುವ) ಮುನ್ನ ಬ್ರೇಕ್ ಶೂ ಅಡ್ಜಸ್ಟ್ ಮಾಡಿ. ಶೂ ದೂರವಿದ್ದರೆ ಪೆಡಲು ಆಳಕ್ಕೆ ಹೋಗುತ್ತದೆ, ಬೈಗುಳ ಮಾತ್ರ ಮಾಸ್ಟರ್ ಸಿಲಿಂಡರಿಗೆ. ಆಮೇಲೆ ಮಾಸ್ಟರಿಗೆ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಒಬ್ಬರು ಪೆಡಲಿಗೆ, ಒಬ್ಬರು ಚಕ್ರದ ಬಳಿ ಗಾಳಿ ಬಿಡುವ ನಿಪ್ಪಲಿಗೆ, ಮೂರನೆಯವರು ಡಬ್ಬಿ ಬರಿದಾಗದಂತೆ ಕಾಯಲಿಕ್ಕೆ. ನಿಪ್ಪಲಿನ ಪಾರದರ್ಶಕ ಟ್ಯೂಬಿನ ತುದಿ ಸೀಸೆಯ ಆಯಿಲಿನಲ್ಲಿ ಮುಳುಗಿರಲಿ. ಬ್ರೇಕ್ ಆಯಿಲ್ ಡಾಟ್ 3 ಇಲ್ಲವೇ ಡಾಟ್ 4 ದರ್ಜೆಯದು ಸಾಕು. ಸಿಲಿಕೋನಿನ ಡಾಟ್ 5 ಅನ್ನು ಇವುಗಳ ಜೊತೆ ಬೆರೆಸಬಾರದು. ಆಯಿಲು ಗಾಳಿಯ ತೇವವನ್ನು ಹೀರುತ್ತದೆ: ಡಾಟ್ 3ರ ಕನಿಷ್ಠ ಕುದಿಬಿಂದು ಒಣಗಿದ್ದಾಗ 205 ಡಿಗ್ರಿ, ನೀರು ಕುಡಿದ ಮೇಲೆ 140. ಆದ್ದರಿಂದ ಒಡೆದ ಡಬ್ಬಿಯನ್ನು ಕಪಾಟಿನಲ್ಲಿಡುವ ಬದಲು ಒಂದೇ ದಿನ ಇಬ್ಬರ ಕಾರು ಬ್ಲೀಡ್ ಮಾಡಿ ಲೀಟರ್ ಮುಗಿಸಿಬಿಡಿ.

ಪೆಟ್ರೋಲಿನ ದಾರಿಯಲ್ಲಿ ಹಳೇ ರಬ್ಬರ್ ಇನ್ನೂ ಬೇಗ ಸೋಲುತ್ತದೆ. 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಇದೇ ಬೆಂಗಳೂರಿನಲ್ಲಿ. ಈ ಕಾರಿನ ಪಂಪಿನ ಡಯಾಫ್ರಮ್, ಕಾರ್ಕ್ ಗ್ಯಾಸ್ಕೆಟ್, ಕಪ್ಪು ಬಣ್ಣದ ಹೋಸು ಯಾವುದೂ ಎಥನಾಲನ್ನು ಲೆಕ್ಕಕ್ಕಿಟ್ಟು ಮಾಡಿದ್ದಲ್ಲ. ಪಂಪ್ ಕಿಟ್ ಕೇಳುವಾಗ ಎಥನಾಲ್ ತಡೆಯುವ ಡಯಾಫ್ರಮ್ ಬೇಕೆಂದು ಒತ್ತಿ ಕೇಳಿ. ಎಲ್ಲ ಕಡೆ ಸಿಗದು, ಎರಡು ಮೂರು ಅಂಗಡಿ ಹತ್ತಿಳಿಯಬೇಕಾದೀತು. ಡಯಾಫ್ರಮ್ ಹರಿದರೆ ಪೆಟ್ರೋಲು ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದ್ದು ಕಂಡು, ಮೂಸಿದರೆ ಪೆಟ್ರೋಲು ಎನಿಸಿದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ತೆಳುವಾದ ಆಯಿಲಿನಲ್ಲಿ ಬೇರಿಂಗ್ ಉಳಿಯುವುದಿಲ್ಲ. ಹೋಸಿನ ಮೈಮೇಲೆ ‘ಎಸ್‌ಎಇ ಜೆ30 ಆರ್9’ ಎಂಬ ಅಚ್ಚು ಇರಲಿ. ರಸ್ತೆಯ ಬಹುತೇಕ ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಅಚ್ಚಿಲ್ಲದ ಅಗ್ಗದ ಹೋಸು. ಅದು ಒಳಗಿಂದ ಪುಡಿಯಾಗಿ ಕಾರ್ಬುರೇಟರಿನ ಜೆಟ್ಟಿನಲ್ಲಿ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದಲ್ಲಿ) ಕೂರುತ್ತದೆ.

ಕಾರ್ಬುರೇಟರ್ ಕಿಟ್ ಈ ರಸ್ತೆಯ ಅತ್ಯಂತ ಬೇಸರದ ಮಾಲು. ಸೋಲೆಕ್ಸ್ ಕಾರ್ಬುರೇಟರಿಗೆಂದು ಮಾರುವ ಲೋಕಲ್ ಕಿಟ್‌ನಲ್ಲಿ ಗ್ಯಾಸ್ಕೆಟ್ಟಿನ ತೂತುಗಳು ಒಂದಕ್ಕೊಂದು ಕೂರುವುದಿಲ್ಲ, ಜೆಟ್ಟುಗಳ ಮೇಲೆ ಅಂಕಿಯೇ ಇರುವುದಿಲ್ಲ. ಆ ಅಂಕಿ ಅಲಂಕಾರಕ್ಕಲ್ಲ: 125 ಎಂದರೆ ರಂಧ್ರ 1.25 ಮಿ.ಮೀ. ಕಿಟ್ ಕೊಳ್ಳಿ, ಡಯಾಫ್ರಮ್ ಮತ್ತು ನೀಡಲ್ ವಾಲ್ವ್ ಬಳಸಿ, ಜೆಟ್ಟುಗಳನ್ನು ಎತ್ತಿಡಿ. ಕಾರಿನಲ್ಲಿದ್ದ ಹಳೇ ಹಿತ್ತಾಳೆ ಜೆಟ್ಟನ್ನೇ ಶುಚಿಮಾಡಿ ಹಾಕಿ. ತಂತಿ ತೂರಿಸದೆ ಕ್ಲೀನರ್ ಮತ್ತು ಗಾಳಿಯಿಂದ ಮಾತ್ರ. ನೀಡಲ್ ವಾಲ್ವಿನ ಕೆಳಗಿನ ವಾಷರ್ ಹಳೆಯದರಷ್ಟೇ ದಪ್ಪವಿದೆಯೇ ಎಂದು ವರ್ನಿಯರ್‌ನಲ್ಲಿ ನೋಡಿ. ಫ್ಲೋಟ್ ಮಟ್ಟ (ಕಾರ್ಬುರೇಟರಿನೊಳಗೆ ಪೆಟ್ರೋಲು ನಿಲ್ಲುವ ಎತ್ತರ) ತೀರ್ಮಾನವಾಗುವುದು ಅದರಿಂದ. ದಪ್ಪ ವಾಷರ್ ಹಾಕಿದರೆ ವಾಲ್ವು ಕೆಳಗಿಳಿದು ಬೇಗ ಮುಚ್ಚುತ್ತದೆ, ಏರಿನಲ್ಲಿ ಎಂಜಿನ್ ಬಡಕಲಾಗುತ್ತದೆ.

ಎಥನಾಲಿಗೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಶುದ್ಧ ಪೆಟ್ರೋಲಿನ ಅನುಪಾತ 14.7ಕ್ಕೆ 1, ಎಥನಾಲಿನದು 9ಕ್ಕೆ 1. ಆದ್ದರಿಂದ ಹಳೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗಿ ಪ್ಲಗ್ಗಿನ ತುದಿ ಬೆಳ್ಳಗೆ ಬರುತ್ತದೆ. ಮೇನ್ ಜೆಟ್ ಒಂದು ಅಂಕಿ ಮೇಲಿನದು ಹಾಕಿದರೆ ಸರಿಹೋಗುತ್ತದೆ. ಉದಾಹರಣೆಗೆ 125ರಿಂದ 130ಕ್ಕೆ ಹೋದರೆ ರಂಧ್ರದ ವಿಸ್ತೀರ್ಣ ಸುಮಾರು 8 ಶೇಕಡಾ ಹೆಚ್ಚುತ್ತದೆ. ಅಂಕಿ ಒತ್ತಿದ ಹಳೇ ಸೋಲೆಕ್ಸ್ ಜೆಟ್ಟುಗಳು ಒಳಗಿನ ಗಲ್ಲಿಯ ಸಣ್ಣ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಡಿಯಾಗಿ ಬಿದ್ದಿರುತ್ತವೆ. ಹುಡುಕುವ ತಾಳ್ಮೆ ಇರಬೇಕು.

ಕಿಟ್ಟಿನಿಂದ ಸರಿಯಾಗದ ಒಂದು ರೋಗವಿದೆ. ಥ್ರಾಟಲ್ ಸ್ಪಿಂಡಲ್ (ಕಾರ್ಬುರೇಟರಿನ ಗಾಳಿಬಾಗಿಲು ತಿರುಗುವ ಕಡ್ಡಿ) ಸವೆದು ಬದಿಯಿಂದ ಗಾಳಿ ಎಳೆಯುವುದು. ಐಡಲ್‌ನಲ್ಲಿ ಓಡುತ್ತಿರುವಾಗ ಸ್ಪಿಂಡಲಿನ ಎರಡು ಕೊನೆಗೂ ಕಾರ್ಬ್ ಕ್ಲೀನರ್ ಸ್ವಲ್ಪ ಚಿಮುಕಿಸಿ. ಆರ್‌ಪಿಎಂ ಬದಲಾದರೆ ಗಾಳಿ ಅಲ್ಲೇ. (ಎಕ್ಸಾಸ್ಟ್ ಪಕ್ಕದಲ್ಲೇ ಇರುತ್ತದೆ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ.) ಇದಕ್ಕೆ ಲೇತಿನವರ ಹತ್ತಿರ ಕಾರ್ಬುರೇಟರಿನ ಮೈಗೆ ಕಂಚಿನ ಬುಷ್ ಹಾಕಿಸಬೇಕು. ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಸುತ್ತಿನ ಟರ್ನರ್‌ಗಳು ಈ ಕೆಲಸ ಚೆನ್ನಾಗಿ ಮಾಡುತ್ತಾರೆ. ಹೊಸ ‘ಅಸೆಂಬ್ಲಿ’ ಎಂದು ತೋರಿಸುವ ಹೊಳೆಯುವ ಕಾರ್ಬುರೇಟರಿಗಿಂತ ಬುಷ್ ಹಾಕಿದ ಹಳೆಯದು ಎಷ್ಟೋ ವಾಸಿ.

ಇಗ್ನಿಷನ್ ಸಾಮಾನಿನಲ್ಲಿ ಓಲ್ಡ್ ಸ್ಟಾಕ್ ಪಾಯಿಂಟ್ ಸೆಟ್ ಸಿಕ್ಕರೆ ಎರಡು ಜೊತೆ ತೆಗೆದಿಡಿ. ಲೋಕಲ್ ಪಾಯಿಂಟಿನ ಕ್ಯಾಮಿಗೆ ತಾಗುವ ಹಿಮ್ಮಡಿ ಮೆತ್ತಗಿದ್ದು ಬೇಗ ಸವೆಯುತ್ತದೆ, ಗ್ಯಾಪ್ ಕಡಿಮೆಯಾಗಿ ಟೈಮಿಂಗ್ ಹಿಂದೆ ಬೀಳುತ್ತದೆ, ಕಾರು ಸುಸ್ತಾಗಿ ಕಾಯತೊಡಗುತ್ತದೆ. ಲ್ಯೂಕಸ್ ಮಾದರಿಯ ಡಿಸ್ಟ್ರಿಬ್ಯೂಟರಿಗೆ 0.35ರಿಂದ 0.40 ಮಿ.ಮೀ. ಗ್ಯಾಪ್ ಇಟ್ಟು, ಕ್ಯಾಮಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಸವರಿ. ಕಂಡೆನ್ಸರ್ ಮಾತ್ರ ಹಳೆಯದೂ ನಂಬಲಾರದು, ಹೊಸದೂ ನಂಬಲಾರದು. ಮಲ್ಟಿಮೀಟರ್ ಒಯ್ದು ಗಲ್ಲಾದ ಮೇಲೆಯೇ ಅಳೆಯಿರಿ. 0.2 ಮೈಕ್ರೋಫ್ಯಾರಡ್ ಆಸುಪಾಸು ತೋರಿಸಬೇಕು. ಅಂಗಡಿಯವರು ಮುಖ ಗಂಟಿಕ್ಕಬಹುದು, ಇರಲಿ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಕಿಡಿ ಹತ್ತುವ ಸರದಿ) 1-3-4-2.

ಲೋಹಕ್ಕೆ ಬಂದರೆ ಈ ರಸ್ತೆಯ ನಿಜವಾದ ಬೆಲೆ ತಿಳಿಯುತ್ತದೆ. ಎಣ್ಣೆ ಕಾಗದದಲ್ಲಿ ಸುತ್ತಿಟ್ಟ ಕಂಪನಿ ಕಾಲದ ಬೇರಿಂಗ್ ಶೆಲ್, ವಾಲ್ವ್, ಟೈಮಿಂಗ್ ಚೈನ್ ಇನ್ನೂ ಸಿಗುತ್ತವೆ. ಕೇಳಿದ ಬೆಲೆಗೆ ಸ್ವಲ್ಪ ಚೌಕಾಸಿ ಮಾಡಿ ತಂದುಬಿಡಿ. ಆದರೆ ಕ್ರಮ ತಪ್ಪಬಾರದು. ಮೊದಲು ಕ್ರ್ಯಾಂಕಿನ ಅಳತೆ, ಆಮೇಲೆ ಆ ಅಳತೆಗೆ ಮುಂದಿನ ಸೈಜಿನ ಶೆಲ್ (0.25, 0.50 ಮಿ.ಮೀ. ಇತ್ಯಾದಿ, ಅಂಗಡಿ ಭಾಷೆಯಲ್ಲಿ ಹತ್ತು ಸೈಜು, ಇಪ್ಪತ್ತು ಸೈಜು) ಕೈಗೆ ಬರಬೇಕು, ಗ್ರೈಂಡಿಂಗ್ ಕೊನೆಗೆ. ಗ್ರೈಂಡ್ ಮಾಡಿಸಿ ಶೆಲ್ ಹುಡುಕಲು ಹೊರಟು ಆ ಸೈಜು ಸಿಗದಿದ್ದರೆ ಕ್ರ್ಯಾಂಕನ್ನು ಇನ್ನೊಂದು ಸೈಜು ಕಡಿಯಬೇಕಾಗುತ್ತದೆ. 68 ಮಿ.ಮೀ. ಬೋರಿನ ಪಿಸ್ಟನ್‌ಗೂ ಇದೇ ನಿಯಮ.

ಎಂಜಿನ್ ಬ್ಲಾಕು ಬೀಡುಕಬ್ಬಿಣ, ಹೆಡ್ಡು ಅಲ್ಯೂಮಿನಿಯಂ. ಒಮ್ಮೆ ಕಾದರೆ ಹೆಡ್ಡು ಸೊಟ್ಟಗಾಗುತ್ತದೆ. ಸ್ಟ್ರೇಟ್ ಎಡ್ಜ್ ಇಟ್ಟು 0.05 ಮಿ.ಮೀ. ಫೀಲರ್ ನುಸುಳಿದರೆ ಫೇಸಿಂಗಿಗೆ ಕೊಡಿ. ಗ್ಯಾಸ್ಕೆಟ್ ಮಾತ್ರ ಹೊಸದು: ಹಳೇ ಸ್ಟಾಕಿನದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಹಳೇ ಬ್ರೇಕ್ ಶೂ, ಕ್ಲಚ್ ಪ್ಲೇಟಿಗೂ ಅದೇ ಎಚ್ಚರಿಕೆ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಿ. ಶೂ ಕಬ್ಬಿಣ ಹಳೆಯದೇ ಇಟ್ಟು ಹೊಸ ಲೈನಿಂಗ್ ಹೊಡೆಸುವುದು ಉತ್ತಮ.

ಬಾಡಿ ತಗಡಿನ ವಿಷಯದಲ್ಲಿ ಇಲ್ಲಿ ಹೆಚ್ಚೇನೂ ನಿರೀಕ್ಷಿಸಬೇಡಿ. ಪದ್ಮಿನಿಗೆ ಬೇರೆ ಚಾಸಿ ಇಲ್ಲ, ನೆಲದ ತಗಡು ಮತ್ತು ಬಾಗಿಲ ಕೆಳಗಿನ ಅಂಚು ತುಕ್ಕು ತಿಂದರೆ ಇಡೀ ಕಾರಿನ ಬಲವೇ ಹೋದಂತೆ. ಸಿದ್ಧ ಪ್ಯಾನೆಲ್‌ಗಳ ಮಡಿಕೆ ಹೊಂದುವುದಿಲ್ಲ. 20 ಗೇಜಿನ ತಗಡು ತಂದು ಹಳೆಯದರ ಮೇಲೆ ಕಾಗದದ ಅಚ್ಚು ತೆಗೆದು ಬಾಗಿಸಿಕೊಳ್ಳಿ. ಬಾಗಿಲ ಹಿಡಿ, ಲಾಕು, ಕ್ರೋಮ್ ಪಟ್ಟಿಗೆ ಶಿವಾಜಿನಗರದ ಗುಜರಿಯೇ ಗತಿ. ಅಲ್ಲಿ ಬಿಲ್ಲೂ ಇಲ್ಲ, ವಾಪಸಾತಿಯೂ ಇಲ್ಲ.

ಕಾರಿನಿಂದ ತೆಗೆದ ಮೂಲ ಲೋಹವನ್ನು ಗುಜರಿಗೆ ಹಾಕಬೇಡಿ. 2021ರಲ್ಲಿ ಕೇಂದ್ರ ತಂದ ವಿಂಟೇಜ್ ನೋಂದಣಿ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಿಲ್ಲದೆ ಮೂಲ ರೂಪದಲ್ಲಿರುವ ವಾಹನಕ್ಕೆ ಮಾತ್ರ ‘ವಿಎ’ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಆ ಸಂಖ್ಯೆಯ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎನ್ನುವುದನ್ನೂ ಮರೆಯಬೇಡಿ.

ಬೇರೆ ಕಾರಿನವರಿಗೆ ಒಂದು ಮಾತು: 2014ರವರೆಗೂ ತಯಾರಾದ ಅಂಬಾಸಿಡರ್‌ಗೆ ಇಲ್ಲಿ ಪದ್ಮಿನಿಗಿಂತ ಸಲೀಸು, ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಬಹಳ ಕಷ್ಟ.

ಹೋಗುವುದಾದರೆ ವಾರದ ದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ. ಭಾನುವಾರ ಬಹುತೇಕ ಶಟರ್ ಎಳೆದಿರುತ್ತದೆ. ಗಾಡಿ ನಿಲ್ಲಿಸಲು ಜಾಗವಿಲ್ಲ, ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣದಿಂದ ನಡೆದರಾಯಿತು. ಹಳೇ ಸಾಮಾನಿನ ಮಾದರಿ, ವರ್ನಿಯರ್, ಮಲ್ಟಿಮೀಟರ್ ಚೀಲದಲ್ಲಿರಲಿ. ಆಯಿಲ್ ಸೀಲ್ ಕೇಳುವಾಗ ಕಾರಿನ ಹೆಸರು ಹೇಳದೆ ಒಳವ್ಯಾಸ, ಹೊರವ್ಯಾಸ, ದಪ್ಪ ಎಂಬ ಮೂರು ಅಂಕಿ ಹೇಳಿ. ‘ಪದ್ಮಿನಿ’ ಎಂದ ಕೂಡಲೇ ‘ಸಿಗಲ್ಲ’ ಎನ್ನುವ ಅಂಗಡಿಯಲ್ಲೇ ಅಳತೆ ಹೇಳಿದರೆ ಸಿಗುತ್ತದೆ. ಬಿಲ್ಲಿನ ಮೇಲೆ ‘ಹೊಂದದಿದ್ದರೆ ವಾಪಸ್’ ಎಂದು ಕೈಬರಹದಲ್ಲಿ ಬರೆಸಿಕೊಳ್ಳಿ. ವಿದ್ಯುತ್ ಸಾಮಾನನ್ನು ಮಾತ್ರ, ಏನು ಬರೆಸಿದರೂ, ಒಮ್ಮೆ ಮಾರಿದ ಮೇಲೆ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.