ಜುಹುವಿನ ಸೀಯಾಳ ಐಸ್‌ಕ್ರೀಮ್, ಮೂಲ್ಕಿಯ ಕೈಹದ

ಮುಂಬಯಿಯ ಜುಹು ಕಡೆಗೆ ಹೋದಾಗಲೆಲ್ಲ ನ್ಯಾಚುರಲ್ಸ್ ಅಂಗಡಿಗೆ ಹೊಕ್ಕು ಸೀಯಾಳದ ಐಸ್‌ಕ್ರೀಮ್ ತಿಂದು ಬರುವುದು ನಮ್ಮ ಮನೆಯ ಹಳೆಯ ರೂಢಿ. ಈ ಬಾರಿ ಊರಿನಿಂದ ಬಂದಿದ್ದ ಚಿಕ್ಕಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಸ್ವಂತ ತೋಟದ ಸೀಯಾಳ ಕುಡಿದೇ ಬೆಳೆದ ಅವರು, ದುಡ್ಡು ಕೊಟ್ಟು ಅದನ್ನು ಕಪ್ಪಿನಲ್ಲಿ ತಿನ್ನುವುದು ಪೇಟೆಯವರ ಮರುಳು ಎಂದು ದಾರಿಯುದ್ದಕ್ಕೂ ಗೊಣಗುತ್ತಲೇ ಇದ್ದರು. ಮೊದಲ ಚಮಚ ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾವೆ ಸರಿಯಾದ ಹದದ್ದು ಮಾರಾಯ, ಬನ್ನಂಗಾಯಿ ಆಗಲಿಕ್ಕೆ ಬಿಡಲಿಲ್ಲ" ಎಂದರು.

ಬಾವೆಯೆಂದರೆ ಸೀಯಾಳದೊಳಗಿನ ಎಳೆ ತಿರುಳು; ಸೀಯಾಳ ಬಲಿಯತೊಡಗಿದರೆ ಬನ್ನಂಗಾಯಿ. ಈ ಐಸ್‌ಕ್ರೀಮಿನ ಗುಟ್ಟೆಲ್ಲ ಚಿಕ್ಕಪ್ಪನ ಆ ಮಾತಿನಲ್ಲೇ ಇದೆ. ತೆಳ್ಳಗಿನ ಬಾವೆಯ ಚೂರುಗಳು ಹಲ್ಲಿಗೆ ಸಿಗುತ್ತವೆ, ಆದರೆ ಅಗಿಯಬೇಕಾಗುವುದಿಲ್ಲ. ಹಾಲಿನ ಕೊಬ್ಬು ಸೀಯಾಳದ ಮೆಲುವಾದ ಪರಿಮಳವನ್ನು ಮುಚ್ಚಿಹಾಕುವುದಿಲ್ಲ. ಸೀತಾಫಲದ್ದು ಇನ್ನೂ ಕಷ್ಟದ ಕೆಲಸ. ಒಂದೊಂದು ತೊಳೆಯೊಳಗೂ ಬೀಜವಿರುವ ಆ ಹಣ್ಣನ್ನು ರುಬ್ಬಿಬಿಟ್ಟರೆ ಅದರ ಮರಳುಮರಳಾದ ಗುಣವೇ ಹೋಗುತ್ತದೆ; ಇಲ್ಲಿ ಅದು ನಾಲಗೆಗೆ ಹಾಗೆಯೇ ತಗಲುತ್ತದೆ. ಬೇರೊಂದು ಊರಿನ ಒಂದು ಅಂಗಡಿಯಲ್ಲಿ ಇದೇ ಹೆಸರಿನ ಐಸ್‌ಕ್ರೀಮ್ ಕೇಳಿ, ಎಸೆನ್ಸಿನ ಘಾಟು ತುಂಬಿದ ಹಸಿರು ಉಂಡೆಯೊಂದನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದದ್ದು ನೆನಪಾಯಿತು.

ನ್ಯಾಚುರಲ್ಸ್ ಸ್ಥಾಪಿಸಿದ ರಘುನಂದನ ಕಾಮತರು ಮೂಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯೊಬ್ಬರ ಮಗ, ಏಳು ಮಕ್ಕಳಲ್ಲಿ ಕಿರಿಯವರು. ಯಾವ ಹಣ್ಣು ಇಂದಿಗೆ, ಯಾವುದು ನಾಳೆಗೆ ಎಂದು ಬೆರಳಿನಲ್ಲಿ ಒತ್ತಿ ಹೇಳುವ ವಿದ್ಯೆ ತಂದೆಯಿಂದ ಬಂದದ್ದು. ಕರಾವಳಿಯ ಎಷ್ಟೋ ಹುಡುಗರಂತೆ ಅವರೂ ಹದಿಹರೆಯದಲ್ಲೇ ಮುಂಬಯಿಗೆ ಹೋಗಿ ಜುಹುವಿನಲ್ಲಿದ್ದ ಅಣ್ಣನ ಹೋಟೆಲಿನಲ್ಲಿ ದುಡಿದರು. 1984ರ ಫೆಬ್ರವರಿ 14ರಂದು ಅದೇ ಜುಹುವಿನಲ್ಲಿ ತಮ್ಮದೇ ಪುಟ್ಟ ಅಂಗಡಿ ತೆರೆದರು. ಬರೀ ಹಣ್ಣು, ಹಾಲು, ಸಕ್ಕರೆಯ ಐಸ್‌ಕ್ರೀಮ್ ನಂಬಿ ಗಿರಾಕಿಗಳು ಬಂದಾರೆಂಬ ಖಾತ್ರಿಯಿರಲಿಲ್ಲವಾದ್ದರಿಂದ ಜೊತೆಗೆ ಖಾರದ ಪಾವ್‌ಭಾಜಿಯನ್ನೂ ಇಟ್ಟರು; ಬಾಯಿ ಉರಿದವರು ತಂಪನ್ನು ಕೇಳಿಯೇ ಕೇಳುತ್ತಾರೆ ಎಂಬ ಲೆಕ್ಕಾಚಾರ ಅದು. ಅಂಗಡಿ ಕುದುರಿದ ಮೇಲೆ ಪಾವ್‌ಭಾಜಿಯನ್ನು ನಿಲ್ಲಿಸಿ ಐಸ್‌ಕ್ರೀಮ್ ಒಂದನ್ನೇ ಉಳಿಸಿಕೊಂಡರು. ಅಂಗಡಿ ತೆರೆದದ್ದಕ್ಕಿಂತ, ದಿನಾ ಗಲ್ಲಾ ತುಂಬಿಸುತ್ತಿದ್ದ ತಿಂಡಿಯನ್ನು ಕೈಬಿಟ್ಟದ್ದೇ ನನಗೆ ದೊಡ್ಡ ಎದೆಗಾರಿಕೆಯಾಗಿ ಕಾಣುತ್ತದೆ.

ತಿಂದವರನ್ನು ರುಚಿ ಹೇಗಿತ್ತೆಂದು ಕೇಳಿ, ಅವರ ಮಾತಿನಂತೆ ತಿದ್ದುತ್ತ, ಹೊಸ ಹಣ್ಣುಗಳನ್ನು ಸೇರಿಸುತ್ತ ಬಂದದ್ದು ಅವರ ವ್ಯಾಪಾರದ ಇನ್ನೊಂದು ಬಲ. ಆ ಬಳಕೆಯ ಕುರುಹು ಕೌಂಟರಿನಲ್ಲಿ ಇಂದಿಗೂ ಉಳಿದಿದೆ. ಹಲಸಿನದ್ದು ಹೇಗಿದೆಯೆಂದು ಚಿಕ್ಕಪ್ಪ ವಿಚಾರಿಸಿದಾಗ ಹುಡುಗ ಉತ್ತರ ಕೊಡುವ ಬದಲು ಪುಟ್ಟ ಚಮಚದಲ್ಲಿ ಒಂದಿಷ್ಟು ತೆಗೆದು ಕೈಗಿತ್ತು, ಅವರ ಮುಖವನ್ನೇ ನೋಡುತ್ತ ನಿಂತ. ಹಿಂದೆ ಸಾಲು ಬೆಳೆದಿತ್ತು. ಆದರೂ ಅವನು ಅವಸರಪಡಿಸಲಿಲ್ಲ. ಹಲಸು, ನೇರಳೆಯಂಥವು ಆಯಾ ಋತುವಿನಲ್ಲಷ್ಟೇ ಸಿಗುವುದರಿಂದ ಹೋಗುವ ಮುನ್ನ ಯಾವುದಿದೆಯೆಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕಾಮತರು 2024ರ ಮೇ ತಿಂಗಳಲ್ಲಿ ತೀರಿಕೊಂಡರು. ಈಗ ಮಳಿಗೆಗಳ ಸಂಖ್ಯೆ ನೂರನ್ನು ದಾಟಿದೆ. ಬಾಯಲ್ಲಿ ನೊರೆಯಂತೆ ಕರಗುವ ಹಗುರವಾದ ಐಸ್‌ಕ್ರೀಮ್ ಬಯಸುವವರಿಗೆ ಇದು ತುಸು ಗಟ್ಟಿ ಎನ್ನಿಸಬಹುದು. ನನಗೆ ಆ ಗಟ್ಟಿತನವೇ ಇಷ್ಟ. ಮನೆಗೆ ಒಯ್ಯುವುದಾದರೆ ಫ್ರೀಜರಿನಿಂದ ತೆಗೆದು ಹತ್ತು ನಿಮಿಷ ಹೊರಗಿಟ್ಟು ತಿನ್ನಬೇಕು, ಇಲ್ಲವಾದರೆ ಹಣ್ಣಿನ ರುಚಿ ತಂಪಿನಡಿಯಲ್ಲಿ ಅಡಗಿಬಿಡುತ್ತದೆ. ಚಿಕ್ಕಪ್ಪನಂತೂ ಅಷ್ಟು ಹೊತ್ತು ಕಾಯಲು ಒಪ್ಪದೆ, ಮನೆಗೆಂದು ಕಟ್ಟಿಸಿಕೊಂಡ ಡಬ್ಬಿಯನ್ನು ರಿಕ್ಷಾದಲ್ಲೇ ಬಿಚ್ಚಿದರು.