ಶಿವಮೊಗ್ಗದಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ? ಗ್ರೇಟ್ ಸರ್ಕಲ್ ಮ್ಯಾಪರ್ ವಿಮರ್ಶೆ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಬೇಕೆಂದಾಗ ಮೊದಲು ತೆರೆಯಬೇಕಾದ ಜಾಲತಾಣ ಗ್ರೇಟ್ ಸರ್ಕಲ್ ಮ್ಯಾಪರ್. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ನಿಲ್ದಾಣಗಳ ಮೂರಕ್ಷರದ ಕೋಡ್‌ಗಳನ್ನು ಇಂಗ್ಲಿಷಿನಲ್ಲಿ ಟೈಪಿಸಿ, ನಡುವೆ ಅಡ್ಡಗೆರೆ ಹಾಕಿದರೆ ಸಾಕು. ಶಿವಮೊಗ್ಗದ ಬಳಿ ಸೋಗಾನೆಯಲ್ಲಿರುವ ಕುವೆಂಪು ನಿಲ್ದಾಣಕ್ಕೆ ಆರ್‌ಕ್ಯೂವೈ, ಬೆಂಗಳೂರಿಗೆ ಬಿಎಲ್‌ಆರ್, ಸ್ಯಾನ್ ಫ್ರಾನ್ಸಿಸ್ಕೊಗೆ ಎಸ್‌ಎಫ್‌ಒ. ಮೂರನ್ನೂ ಸಾಲಾಗಿ ಜೋಡಿಸಿದರೆ ಒಂದೊಂದು ಹಂತದ ದೂರವೂ ಒಟ್ಟು ದೂರವೂ ಬರುತ್ತದೆ: ಮೊದಲ ಹಂತ ಸುಮಾರು 240 ಕಿ.ಮೀ., ಎರಡನೆಯದು ಸುಮಾರು 14,000.

ಅಳತೆಯ ಮಾನವನ್ನು ಗಮನಿಸಿಯೇ ಅಂಕಿ ಬರೆದುಕೊಳ್ಳಿ. 14,000 ಕಿ.ಮೀ. ಎಂದರೆ ಸುಮಾರು 8,700 ಮೈಲಿ, ಆದರೆ ಹಡಗು, ವಿಮಾನದವರು ಬಳಸುವ ನಾಟಿಕಲ್ ಮೈಲಿಯಲ್ಲಿ 7,560. ಎರಡಕ್ಕೂ ಬರೀ ‘ಮೈಲಿ’ ಎಂದುಬಿಟ್ಟರೆ ಲೆಕ್ಕ ಸಾವಿರ ಮೈಲಿಗೂ ಹೆಚ್ಚು ತಪ್ಪುತ್ತದೆ.

ಇದರ ನಿಜವಾದ ಬೆಲೆ ಗೊತ್ತಾಗುವುದು ನಕ್ಷೆಯಲ್ಲಿ. ಪೆಸಿಫಿಕ್ ಸಾಗರ ನಡುವೆ ಬರುವಂಥ ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟರೆ ಬೆಂಗಳೂರಿನಿಂದ ಗೆರೆ ಆ ಸಾಗರ ದಾಟಿ ಪೂರ್ವಕ್ಕೆ ಹೋಗುತ್ತದೆ. ಇಲ್ಲಿ ಅದು ಉತ್ತರ ದಿಕ್ಕಿನಿಂದ ಬರೀ 20 ಡಿಗ್ರಿಯಷ್ಟು ಪೂರ್ವಕ್ಕೆ ವಾಲಿ ಹೊರಟು, ಚೀನಾ, ಸೈಬೀರಿಯಾ ದಾಟಿ, 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಕಡೆಯಿಂದ ಕೆಳಗಿಳಿಯುತ್ತದೆ. ದುಂಡಗಿನ ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಇದೇ; ಗ್ರೇಟ್ ಸರ್ಕಲ್ ಎನ್ನುವುದು ಇದಕ್ಕೇ. ಚಪ್ಪಟೆ ಭೂಪಟ ಧ್ರುವದ ಕಡೆಯ ಪ್ರದೇಶವನ್ನು ಹಿಗ್ಗಿಸಿ ತೋರಿಸುವುದರಿಂದ ನಮಗೆ ಅದು ಸುತ್ತುದಾರಿಯಂತೆ ಕಾಣುತ್ತದೆ.

ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಪೂರ್ತಿ ಗೋಳವೆಂದುಕೊಂಡು ಗೋಳದ ಮೇಲಿನ ದೂರ ಕಂಡುಹಿಡಿಯುವ ಹ್ಯಾವರ್‌ಸೈನ್ ಸೂತ್ರ ಹಾಕುವ ಸಣ್ಣಪುಟ್ಟ ಆ್ಯಪ್‌ಗಳೂ ಇವೆ. ಸಮಭಾಜಕದ ಬಳಿ ತ್ರಿಜ್ಯ 6,378, ಧ್ರುವದಲ್ಲಿ 6,357. ಹಾಗಾಗಿ ಆ ಲೆಕ್ಕ ಶೇ. 0.5ರವರೆಗೆ ಆಚೀಚೆ ಆಗಬಹುದು. ಟಿಕೆಟ್ ನೋಡುವವರಿಗೆ ಅಷ್ಟು ವ್ಯತ್ಯಾಸ ಲೆಕ್ಕಕ್ಕಿಲ್ಲ.

ಲೆಕ್ಕಕ್ಕೆ ಬರುವುದು ಬೇರೆ: ಇಲ್ಲಿ ಸಿಗುವ ಅಂಕಿ ಕನಿಷ್ಠ ದೂರ, ವಿಮಾನ ಹಾರಿದ ದೂರವಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಜೆಟ್ ಸ್ಟ್ರೀಮ್ ಗಾಳಿ, ಮುಚ್ಚಿದ ವಾಯುಪ್ರದೇಶ, ಇಳಿಯುವ ಮುನ್ನ ಹೊಡೆಯುವ ಸುತ್ತು ಇವೆಲ್ಲ ದಾರಿಯನ್ನು ಉದ್ದ ಮಾಡುತ್ತವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯವರು ವಿಮಾನ ಉಗುಳುವ ಇಂಗಾಲದ ಲೆಕ್ಕ ಹಾಕುವಾಗ ಇದಕ್ಕೆಂದೇ 550 ಕಿ.ಮೀ. ಒಳಗಿನ ಹಾರಾಟಕ್ಕೆ 50, 5,500ರವರೆಗೆ 100, ಅದಕ್ಕೂ ಮೇಲೆ 125 ಕಿ.ಮೀ. ಸೇರಿಸುತ್ತಾರೆ. ಪ್ರಯಾಣದ ಹೊತ್ತನ್ನು ಅಂದಾಜು ಮಾಡುವವರು ಬರೀ ನಕ್ಷೆಯ ದೂರವನ್ನು ವೇಗದಿಂದ ಭಾಗಿಸಿ ಕೂರಬಾರದು.

ಕೋಡ್ ವಿಚಾರದಲ್ಲೂ ಎಚ್ಚರ ಬೇಕು. ಲಂಡನ್‌ಗೆ ಎಲ್‌ಒಎನ್ ಎಂಬುದು ಇಡೀ ನಗರದ ಕೋಡ್. ಹೀಥ್ರೂಗೆ ಎಲ್‌ಎಚ್‌ಆರ್, ಗ್ಯಾಟ್‌ವಿಕ್‌ಗೆ ಎಲ್‌ಜಿಡಬ್ಲ್ಯೂ. ಟಿಕೆಟ್‌ನಲ್ಲಿ ಇರುವ ನಿಲ್ದಾಣದ ಕೋಡನ್ನೇ ಹಾಕಿ.

ಕೊರತೆಯೂ ಇದೆ. ಪುಟದ ವಿನ್ಯಾಸ ಹಳೆಯದು, ಮೊಬೈಲ್‌ನಲ್ಲಿ ಅಕ್ಷರ ಚಿಕ್ಕದು. ತೀರ್ಥಹಳ್ಳಿಯ ಮನೆಯಿಂದಲೇ ನೇರ ದೂರ ಬೇಕಿದ್ದರೆ ಗೂಗಲ್ ಮ್ಯಾಪ್ಸ್ ಸಲೀಸು: ಜಾಗದ ಮೇಲೆ ಬೆರಳು ಒತ್ತಿ ಹಿಡಿದು ಪಿನ್ ಹಾಕಿ, ದೂರ ಅಳೆಯುವ ಆಯ್ಕೆ ಒತ್ತಿ, ನಕ್ಷೆಯನ್ನು ತಲುಪಬೇಕಾದ ಊರಿನತ್ತ ಸರಿಸಿ. ಸೋಗಾನೆಗೋ ಮಂಗಳೂರಿಗೋ ಹೋಗುವ ರಸ್ತೆಯ ದೂರ ಇದರಲ್ಲಿ ಬರುವುದಿಲ್ಲ. ಘಟ್ಟದ ತಿರುವುಗಳ ಲೆಕ್ಕಕ್ಕೆ ಮ್ಯಾಪ್ಸ್‌ನಲ್ಲಿ ರಸ್ತೆಯ ದಾರಿ ತೋರಿಸುವ ಆಯ್ಕೆಯನ್ನೇ ತೆರೆಯಬೇಕು.