ಗಿಟ್ ಮತ್ತು ಎಸ್‌ಎಸ್‌ಎಚ್ ಕೀ: ವರ್ಷಗಟ್ಟಲೆ ಬಳಸಿದ ಮೇಲೆ

2021ರ ಆಗಸ್ಟ್ 13ಕ್ಕೆ, ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಪಾಸ್‌ವರ್ಡ್ ಹಾಕಿ ಕೋಡ್ ಪುಶ್ ಮಾಡುವುದು, ಅಂದರೆ ಅಲ್ಲಿಗೆ ಕಳಿಸುವುದು, ನಿಂತಿತು. ಪಾಸ್‌ವರ್ಡ್ ಬದಲು ಗಿಟ್‌ಹಬ್ ಮಾಡಿಕೊಡುವ ಟೋಕನ್, ಇಲ್ಲವೇ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿಗೆ ಸುರಕ್ಷಿತವಾಗಿ ಸೇರುವ ದಾರಿ) ಕೀ ಬೇಕೇ ಬೇಕು. ನಾನು ಕೀ ಮಾಡಿಕೊಳ್ಳಲು ಕಲಿತದ್ದು ಆ ವಾರದಲ್ಲೇ. ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್ ಶುರು ಮಾಡಿದ್ದು ಅದಕ್ಕೂ ಸ್ವಲ್ಪ ಮೊದಲು. ಗಿಟ್, ಎಸ್‌ಎಸ್‌ಎಚ್ ಎರಡೂ ಫ್ರೀ, ಎರಡನ್ನೂ ಇವತ್ತಿಗೂ ದಿನಾ ಬಳಸುತ್ತೇನೆ.

ಗಿಟ್‌ನಲ್ಲಿ ದಿನದ ಕೆಲಸಕ್ಕೆ ಸ್ಟೇಟಸ್, ಆಡ್, ಕಮಿಟ್ (ಬದಲಾವಣೆಯನ್ನು ದಾಖಲಿಸುವುದು), ಪುಲ್, ಪುಶ್, ಲಾಗ್ (ಕಮಿಟ್‌ಗಳ ಪಟ್ಟಿ) ಎಂಬ ಕಮಾಂಡ್‌ಗಳು ಬಂದರೆ ಸಾಕು. ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಬ್ರಾಂಚ್‌ಗೆ, ಅಂದರೆ ಕೆಲಸದ ಬೇರೆ ಕವಲಿಗೆ, ಇನ್ನೂ ಜಾಸ್ತಿ ದಿನ ಹಿಡಿಯಿತು.

ಗಿಟ್‌ನ ಬೆಲೆ ಗೊತ್ತಾದದ್ದು ಒಂದು ರಾತ್ರಿ. ಹಳೆಯ ಕಮಿಟ್‌ಗೆ ಹಿಂದಿರುಗಿಸುವ ರೀಸೆಟ್ ಹಾರ್ಡ್ ಕೊಟ್ಟೆ, ಎರಡು ದಿನದ ಕಮಿಟ್‌ಗಳು ಮಾಯ. ಲಾಗ್‌ನಲ್ಲಿ ಏನೂ ಇಲ್ಲ. ಎದೆ ಧಸಕ್ಕೆಂದಿತು. ಕೊನೆಗೆ ಗಿಟ್ ರೆಫ್‌ಲಾಗ್ ಹೊಡೆದೆ, ನಾವು ಯಾವ ಯಾವ ಕಮಿಟ್‌ನಲ್ಲಿದ್ದೆವು ಎಂದು ತೋರಿಸುವ ಕಮಾಂಡ್. ಮೂರನೇ ಸಾಲಿನಲ್ಲಿ ನಾನೇ ಕನ್ನಡದಲ್ಲಿ ಬರೆದ ಮೆಸೇಜ್ ಇತ್ತು: 'ಬಿಲ್ ಪುಟದ ಲೆಕ್ಕ ಸರಿ ಮಾಡಿದ್ದು'. ಅದರ ಮುಂದಿದ್ದ ಏಳು ಅಕ್ಷರದ ಹ್ಯಾಶ್ (ಕಮಿಟ್‌ನ ಗುರುತು) ಹಿಡಿದು ಹೊಸ ಬ್ರಾಂಚ್ ಮಾಡಿದೆ. ಎಲ್ಲಾ ವಾಪಸ್ ಬಂತು! ಆದರೆ ಕಮಿಟ್ ಮಾಡದೆ ಬಿಟ್ಟಿದ್ದ ಒಂದು ಫೈಲಿನ ಬದಲಾವಣೆ ಹೋಯಿತು. ಅದಕ್ಕೇ ಈಗ ಊಟಕ್ಕೆ ಏಳುವ ಮೊದಲು ಕಮಿಟ್ ಮಾಡಿಯೇ ಏಳುತ್ತೇನೆ.

ಎಸ್‌ಎಸ್‌ಎಚ್ ಹುಟ್ಟಿದ್ದೇ ಪಾಸ್‌ವರ್ಡ್ ಕಳವಿನಿಂದ. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಓದಿದ್ದರು. ಅದಾದ ಮೇಲೆ ಅಲ್ಲಿದ್ದ ಟಾಟು ಇಲೋನೆನ್ ಇದನ್ನು ಬರೆದರು. ಕೀ ಬಳಸಿದರೆ ಪಾಸ್‌ವರ್ಡ್ ಕಳಿಸುವ ಮಾತೇ ಇಲ್ಲ. ಕೀ ಮಾಡಿಕೊಡುವ ಕೀಜೆನ್ ಕಮಾಂಡ್ ಎರಡು ಫೈಲ್ ಕೊಡುತ್ತದೆ. ಪಬ್ ಎಂದು ಕೊನೆಯಾಗುವುದು ಸರ್ವರ್‌ಗೆ, ಇನ್ನೊಂದು ಪ್ರೈವೇಟ್ ಕೀ, ನಮ್ಮ ಲ್ಯಾಪ್‌ಟಾಪ್‌ನಲ್ಲೇ ಇರಬೇಕು. ಅದಕ್ಕೆ ಪಾಸ್‌ಫ್ರೇಸ್ (ಕೀ ಫೈಲಿಗೇ ಒಂದು ಪಾಸ್‌ವರ್ಡ್) ಹಾಕಿ, ಸುಮ್ನೆ ಎಂಟರ್ ಒತ್ತಬೇಡಿ. ಲಿನಕ್ಸ್‌ನಲ್ಲಿ ಆ ಫೈಲಿನ ಪರ್ಮಿಷನ್ 600 ಇರಲಿ, ಅಂದರೆ ನಾವು ಮಾತ್ರ ಓದಿ ಬರೆಯುವಂತೆ. ಬೇರೆಯವರೂ ಓದುವಂತಿದ್ದರೆ ಎಸ್‌ಎಸ್‌ಎಚ್ ಆ ಕೀಯನ್ನು ಮುಟ್ಟುವುದಿಲ್ಲ.

ಬೇಸರದ ಸಂಗತಿ ಎಂದರೆ ಎರರ್ ಮೆಸೇಜು. 'ಪರ್ಮಿಷನ್ ಡಿನೈಡ್' ಎಂದಷ್ಟೇ ಹೇಳಿದರೆ ಹೊಸಬರು ಎಲ್ಲಿ ಹುಡುಕಬೇಕು? ಎಸ್‌ಎಸ್‌ಎಚ್ ಕಮಾಂಡ್‌ಗೆ ಮೈನಸ್ ವಿ (-v) ಸೇರಿಸಿ ಓಡಿಸಿದರೆ ಯಾವ ಕೀ ಕಳಿಸುತ್ತಿದೆ ಎಂದು ಕಾಣುತ್ತದೆ. ಇದನ್ನು ಮೊದಲ ದಿನವೇ ಕಲಿಸಬೇಕು.

ಇನ್ನೊಂದು ಮಾತು. ಗೆಳೆಯನೊಬ್ಬ ಗೊತ್ತಿಲ್ಲದೆ ಪ್ರೈವೇಟ್ ಕೀಯನ್ನೇ ಕಮಿಟ್ ಮಾಡಿ ಪುಶ್ ಮಾಡಿದ. ಮರುದಿನ ಫೈಲ್ ಅಳಿಸಿ ಸುಮ್ಮನಾದ. ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಇತ್ತು ಅಲ್ವಾ? ನನ್ನ ಕೆಲಸ ಉಳಿಸಿದ ಗುಣವೇ ಅವನಿಗೆ ಅಪಾಯವಾಯಿತು. ಅವತ್ತು ಇಬ್ಬರೂ ಕೂತು ಅವನ ಮೂರು ಸರ್ವರ್‌ಗಳಿಂದಲೂ ಹಳೆಯ ಕೀಯ ಸಾಲು ತೆಗೆದು, ಹೊಸದು ಹಾಕಿದೆವು.